ಕಮಾನು ಬಂಡಿಯ ಹಾಸಿಗೆ

"ಗುರುಗಳೇ, ಹಿರಿಯರು ಹಾಕಿಕೊಟ್ಟ ಕ್ರಮವನ್ನು ನಾವು ಬದಲಿಸಬಹುದೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಮರುಳಯ್ಯ. ಮಠದ ಮಕ್ಕಳಿಗೆ ಪಾಠ ಹೇಳುವ ಕೆಲಸ ಅವನದು. ಮಠ ಕಟ್ಟಿದ ಹಿರಿಯ ಗುರುಗಳು ಪಾಠಕ್ಕೆ ಒಂದು ಕ್ರಮ ಇಟ್ಟಿದ್ದರು. ಮೊದಲ ವರ್ಷ ಬಾಯಿಪಾಠ, ಅಕ್ಷರವೆಲ್ಲ ಆಮೇಲೆ. ಈಗ ಊರಿನವರು ಅಕ್ಷರವನ್ನೂ ಜೊತೆಗೇ ಕಲಿಸಿ ಎನ್ನುತ್ತಿದ್ದರು. ಬದಲಿಸಿದರೆ ಹಿರಿಯರಿಗೆ ಅಪಚಾರ, ಬದಲಿಸದಿದ್ದರೆ ಊರವರ ಮುನಿಸು. ಮರುಳಯ್ಯನಿಗೆ ಅತ್ತ ದರಿ ಇತ್ತ ಪುಲಿ ಎಂಬಂತಾಗಿತ್ತು.

ಗುರುಗಳು ಗಿಡಗಳಿಗೆ ನೀರು ಹಾಕುತ್ತಿದ್ದವರು ಬಿಂದಿಗೆ ಕೆಳಗಿಟ್ಟು ಜಗುಲಿಯ ಮೇಲೆ ಕುಳಿತರು. "ಬಾ, ಕೂತುಕೋ. ಒಂದು ಬಂಡಿಯ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಹಿತ್ತಾಳೆ ಪಾತ್ರೆ ಮಾರುವುದು ಅವನ ಕಸುಬು. ಗಂಡ ಹೆಂಡತಿ ಇಬ್ಬರೇ. ಮಳೆ ನಿಂತ ಮೇಲೆ ಬಂಡಿ ಕಟ್ಟಿ ಹೊರಟರೆ ಮತ್ತೆ ಮಳೆ ಹಿಡಿಯುವವರೆಗೆ ಸಂತೆಯಿಂದ ಸಂತೆಗೆ ತಿರುಗಾಟ. ಮಳೆಗಾಲ ಕಳೆಯುವುದು ಹೆಂಡತಿಯ ತಮ್ಮನ ಊರಿನಲ್ಲಿ. ಉಳಿದಂತೆ ಮನೆಯೆಂದರೂ ಬಂಡಿ, ಅಂಗಡಿಯೆಂದರೂ ಬಂಡಿ. ಅವನು ಪಾತ್ರೆ ಇಳಿಸಿ ಜೋಡಿಸುತ್ತಿದ್ದ, ಅವಳು ಗಿರಾಕಿಗಳ ಜೊತೆ ಮಾತಾಡುತ್ತಿದ್ದಳು. ಅವನಿಗೆ ಪಾತ್ರೆ ಹೊಳೆಯಿಸಲು ಬರುತ್ತಿತ್ತೇ ಹೊರತು ಮಾತು ಹೊಳೆಯಿಸಲು ಬರುತ್ತಿರಲಿಲ್ಲ. ಅವಳಿಲ್ಲದೆ ಅವನು ಒಂದು ಚೊಂಬನ್ನೂ ಮಾರಿದವನಲ್ಲ.

ಬಂಡಿ ಅವನ ಅಜ್ಜನ ಕಾಲದ್ದು. ಹೊನ್ನೆ ಮರದ ಮೈ, ಬಿದಿರಿನ ಕಮಾನು, ಮೇಲೆ ಚಾಪೆಯ ಹೊದಿಕೆ. ಒಳಗೆ ಪಾತ್ರೆ ತುಂಬುವ ಗೂಡು, ಗೂಡಿನ ಮೇಲೆ ಮಲಗುವ ಹಲಗೆ. ಮುಂದೆ ಬಂಡಿ ಹೊಡೆಯುವವನ ಪೀಠ. ಮಲಗುವ ಜಾಗಕ್ಕೂ ಪೀಠಕ್ಕೂ ನಡುವೆ ಒಂದು ಅಡ್ಡಹಲಗೆ ನಿಂತಿತ್ತು. ಒಳಗೆ ಮಲಗಿದವರಿಗೆ ಅದು ತಲೆದೆಸೆ, ಹೊರಗೆ ಕುಳಿತವನಿಗೆ ಬೆನ್ನಿನ ಒರಗು. ಅಜ್ಜ ಅದರ ಮೇಲೆ ಎರಡು ಗಿಳಿ ಕೆತ್ತಿಸಿದ್ದ. ಸಂತೆಗೆ ಬಂದವರು ದೂರದಿಂದಲೇ "ಗಿಳಿಬಂಡಿ ಬಂತು" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ವ್ಯಾಪಾರಿಗೆ ಅಂದಿನ ಊಟವೇ ಬೇಡ. ಎದೆ ಅಷ್ಟು ಉಬ್ಬುತ್ತಿತ್ತು.

ಬಂಡಿಯೊಳಗೆ ಮಲಗುತ್ತಿದ್ದವಳು ಹೆಂಡತಿ. ಬಂಡಿಯ ಕಸುಬಿನವರ ವಾಡಿಕೆಯಂತೆ ಅವನು ಬಂಡಿಯ ಕೆಳಗೆ, ಎತ್ತುಗಳ ಪಕ್ಕದಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದ. ಮಲಗುವ ಹಲಗೆ ಗಿಡ್ಡ. ಅವಳು ಕಾಲು ಮಡಚಿಕೊಂಡು ಮಲಗುತ್ತಿದ್ದಳು. ಮದುವೆಯಾಗಿ ಬಂದಂದಿನಿಂದ ಹಾಗೇ ಮಲಗಿದ್ದಳು. ಅದರ ಮಾತು ಯಾವತ್ತೂ ಬಂದಿರಲಿಲ್ಲ.

ಒಂದು ವರ್ಷ, ತಿರುಗಾಟ ಮುಗಿಯುವ ಹೊತ್ತಿಗೆ, ಅವಳು ಹೊಳೆಯ ದಂಡೆಯಲ್ಲಿ ಕೊಡ ತೊಳೆಯಲು ಹೋಗಿ ಜಾರಿ ಬಿದ್ದಳು. ಮಂಡಿ ಮುರಿಯಿತು. ನಾಟಿ ವೈದ್ಯ ಪಟ್ಟಿ ಕಟ್ಟಿದ. ಮಳೆಗಾಲವೆಲ್ಲ ತಮ್ಮನ ಮನೆಯಲ್ಲಿ ಮಲಗಿದ್ದಳು. ಮೂಳೆ ಕೂಡಿತು, ಕೋಲು ಊರಿ ನಡೆಯುವಂತಾದಳು. ಆದರೆ ಕಾಲು ನೆಟ್ಟಗೆ ನಿಂತುಬಿಟ್ಟಿತು. ಮಡಚಲು ಹೋದರೆ ಕಣ್ಣಲ್ಲಿ ನೀರು.

ಹೊರಡುವ ಕಾಲ ಬಂತು. ವ್ಯಾಪಾರಿ ಅವಳನ್ನು ಕೈಹಿಡಿದು ಬಂಡಿ ಹತ್ತಿಸಿ ಒಳಗೆ ಮಲಗಿಸಿ ನೋಡಿದ. ನೆಟ್ಟಗೆ ಮಲಗಿದರೆ ಪಾದ ಬಾಗಿಲಾಚೆ. ಓರೆಯಾಗಿ ಮಲಗಿದರೂ ಬಾಗಿಲು ಮುಚ್ಚದು. ಕಾಲನ್ನು ಹೊರಗೇ ಬಿಟ್ಟು ಬಂಡಿ ಹೊಡೆದರೆ ಗಾಲಿ ಕುಲುಕಿದಾಗಲೆಲ್ಲ ಅವಳಿಗೆ ಜೀವ ಹೋದಂತಾಗುತ್ತಿತ್ತು. ಬಿಡಾರ ಹೂಡಿದ ಕಡೆ ನೆಲದ ಮೇಲೆ ಮಲಗಿಸೋಣವೆಂದರೆ ಎಬ್ಬಿಸಲು ಇಬ್ಬರು ಬೇಕು. ಹಾಸಿಗೆ ಇನ್ನೊಂದು ಮೊಳ ಉದ್ದವಾಗದಿದ್ದರೆ ಅವಳು ತಮ್ಮನ ಮನೆಯಲ್ಲೇ ಉಳಿಯಬೇಕು, ಅವನೊಬ್ಬನೇ ಹೋಗಬೇಕು. ಈ ವರ್ಷ ಉಳಿದವಳು ಮುಂದಿನ ವರ್ಷ ಹೇಗೆ ಹೊರಡುತ್ತಾಳೆ? ಅದು ಇಬ್ಬರಿಗೂ ಗೊತ್ತಿತ್ತು.

ತಮ್ಮ ಒಳ್ಳೆಯವನೇ. ಆದರೆ ಎಲ್ಲದಕ್ಕೂ ಅವನ ಹತ್ತಿರ ಒಂದು ಗಾದೆ ಇರುತ್ತಿತ್ತು. "ಇರಲಿ ಬಿಡಿ ಭಾವ. ಅಕ್ಕ ಇಲ್ಲೇ ಇರಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದೊಡ್ಡವರು ಸುಮ್ಮನೆ ಹೇಳಿದ್ದಾರೆಯೇ?" ಎಂದ.

ಗೋಡೆಗೆ ಒರಗಿ ಕುಳಿತಿದ್ದ ಅಕ್ಕ ತಲೆ ಎತ್ತಿದಳು. "ಅದು ಕಾಲು ಮಡಚುವವರಿಗೆ ಹೇಳಿದ ಮಾತಪ್ಪ. ಮಡಚಲಾರದವಳು ಏನು ಮಾಡಬೇಕು ಅಂತಲೂ ಆ ದೊಡ್ಡವರನ್ನೇ ಕೇಳಿಕೊಂಡು ಬಾ" ಎಂದಳು.

ತಮ್ಮ ಎದ್ದು ಹಸುವಿಗೆ ಹುಲ್ಲು ಹಾಕಲು ಹೋದ.

ವ್ಯಾಪಾರಿ ಬಡಗಿಯನ್ನು ಕರೆಸಿದ. ಬಡಗಿ ಬಂಡಿಯ ಸುತ್ತ ಒಂದು ಸುತ್ತು ಬಂದು, ಒಳಗೆ ಇಣುಕಿ, ಅಡ್ಡಹಲಗೆಯನ್ನು ತಟ್ಟಿದ. ಎರಡು ಪಕ್ಕಕ್ಕೂ ಗಾಲಿ ಇದೆ, ಅಲ್ಲಿ ಜಾಗವಿಲ್ಲ, ಈ ಹಲಗೆಯನ್ನು ಒಂದು ಮೊಳ ಮುಂದಕ್ಕೆ ಸರಿಸಿದರೆ ಆಯಿತು ಎಂದ. ವ್ಯಾಪಾರಿಗೆ ಮೈಮೇಲೆ ಕೆಂಡ ಬಿದ್ದಂತಾಯಿತು. ಅಜ್ಜ ಇಟ್ಟ ಹಲಗೆ, ಅಜ್ಜ ಕೊಟ್ಟ ಅಳತೆ, ಅದನ್ನು ಮುಟ್ಟುವ ಮಾತಾಡಬೇಡ ಎಂದ. ಬೇಕಾದರೆ ಹಿಂದಕ್ಕೆ ಉದ್ದ ಮಾಡು ಎಂದ. ಬಡಗಿ ಬೇಡವೆಂದು ತಲೆಯಾಡಿಸಿದ. ಇವನು ಕೇಳಬೇಕಲ್ಲ.

ಬಂಡಿಗೆ ಹಿಂದೆ ಒಂದು ಮೊಳ ಬಾಲ ಹುಟ್ಟಿತು. ಹೊಸ ಹಲಗೆ, ಹೊಸ ಬಾಗಿಲು. ಹೆಂಡತಿ ಕಾಲು ಚಾಚಿ ಮಲಗಿದಳು, ಬಾಗಿಲು ಮುಚ್ಚಿತು. ವ್ಯಾಪಾರಿ ಹಿಗ್ಗಿ ಪೀಠ ಹತ್ತಿ ಎತ್ತುಗಳನ್ನು ಹೊಡೆದ. ಊರ ಮುಂದಿನ ಬಯಲಲ್ಲಿ ಬಂಡಿ ಚೆನ್ನಾಗಿಯೇ ಹೋಯಿತು. ದಿಣ್ಣೆ ಏರುವಾಗ ಹಿಂಭಾರವಾಯಿತು. ನೊಗ ಮೇಲೆದ್ದಿತು, ಕೊರಳ ಹಗ್ಗ ಬಿಗಿದು ಎತ್ತುಗಳ ನಾಲಗೆ ಹೊರಬಂತು. ಅವನು ಹಾರಿ ಇಳಿದು ನೊಗಕ್ಕೆ ಜೋತುಬಿದ್ದ. ಪುಣ್ಯಕ್ಕೆ ಎತ್ತುಗಳು ಉಳಿದವು.

ಮರುದಿನ ಕೊಪ್ಪರಿಗೆಗಳನ್ನೆಲ್ಲ ಗೂಡಿನಿಂದ ತೆಗೆದು ಮುಂದಕ್ಕೆ, ಅವಳ ಪಕ್ಕಕ್ಕೆ ತುಂಬಿ ನೋಡಿದ. ಸಮನೆಲದಲ್ಲಿ ಭಾರವೆಲ್ಲ ಎತ್ತುಗಳ ಹೆಗಲಿಗೆ. ದಿಣ್ಣೆಯಲ್ಲಿ ಕೊಪ್ಪರಿಗೆಗಳೆಲ್ಲ ಹಿಂದಕ್ಕೆ ಜಾರಿ ಅವಳ ಕಾಲಿಗೇ ಬಂದು ಬಡಿದವು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಬಂಡಿ ಮನೆಗೆ ತಿರುಗಿತು, ಬಾಲ ಬಿಚ್ಚಿದ್ದಾಯಿತು.

ಅಂಗಳದಲ್ಲಿ ಬಂಡಿ ಬಿಟ್ಟು ವ್ಯಾಪಾರಿ ಅವಳ ಎದುರು ಕುಳಿತ. "ನಾನು ಮಾಡುವುದನ್ನೆಲ್ಲ ಮಾಡಿದೆ. ಆ ಒಂದು ಹಲಗೆ ಬಿಟ್ಟು ಬೇರೆ ದಾರಿ ಇಲ್ಲವಂತೆ. ಅದು ಅಜ್ಜ ಇಟ್ಟದ್ದು. ನಾನೇನು ಮಾಡಲಿ, ನೀನೇ ಹೇಳು" ಎಂದ.

"ಇಟ್ಟವರು ಅಜ್ಜ, ಸರಿ. ಈಗ ಅದಕ್ಕೆ ಒರಗಿ ಕೂರುವವರು ಯಾರು?" ಎಂದಳು.

ವ್ಯಾಪಾರಿಗೆ ಸಿಟ್ಟು ನೆತ್ತಿಗೇರಿತು. ಎದ್ದು ಹೋಗಿ, ಎತ್ತಿಲ್ಲದ ಬಂಡಿಯ ಪೀಠದ ಮೇಲೆ ಕುಳಿತ. ಸಿಟ್ಟು ಬಂದಾಗ ಅವನು ಕೂರುತ್ತಿದ್ದದ್ದೇ ಅಲ್ಲಿ. ಬೆನ್ನಿಗೆ ಗಿಳಿಗಳು ತಾಗಿದವು. ಅಂದು ಯಾಕೋ ಅವನು ಕುಳಿತ ಜಾಗವನ್ನು ನೋಡಿಕೊಂಡ. ಚಕ್ಕಳಮಕ್ಕಳ ಹಾಕಿ ಕುಳಿತರೂ ಎಡಕ್ಕೆ ಎಲೆಯಡಿಕೆ ಚೀಲಕ್ಕೆ ಜಾಗವಿತ್ತು, ಬಲಕ್ಕೆ ನೀರಿನ ತಂಬಿಗೆಗೆ ಜಾಗವಿತ್ತು. ಕಾಲನ್ನು ಪಕ್ಕಕ್ಕೆ ಚಾಚಿದ. ಚಾಚಿದಷ್ಟೂ ಜಾಗ. ಅವನಿಗೆ ನಾಚಿಕೆಯಾಯಿತು. ಆದರೂ ಅಜ್ಜ, ಅಜ್ಜ ಎಂದು ಮನಸ್ಸು ತಗಾದೆ ಬಿಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪೀಠದಿಂದ ಇಳಿಯಲಾರದವನಿಗೆ ಅಜ್ಜ ನೆವವಾಗಿ ಸಿಕ್ಕಿದ್ದ.

ಅವನು ಅಲ್ಲಿಂದ ಮನೆಯೊಳಕ್ಕೆ ನೋಡಿದ. ಹೆಂಡತಿ ನೆಟ್ಟಗಿನ ಕಾಲು ಮುಂದೆ ಚಾಚಿ ಬಟ್ಟೆ ಮಡಚುತ್ತಿದ್ದಳು. ಇಷ್ಟು ವರ್ಷ ಇಬ್ಬರದೂ ಒಂದೇ ಗಂಟು. ಈಗ ಅವನ ಪಂಚೆ, ಕಂಬಳಿ ಒಂದು ಕಡೆ, ಅವಳ ಸೀರೆ ಇನ್ನೊಂದು ಕಡೆ. ಅವನ ಗಂಟಿಗೆ ಉಪ್ಪಿನಕಾಯಿಯ ಭರಣಿಯನ್ನೂ ಚಿಕ್ಕ ಒರಳುಕಲ್ಲನ್ನೂ ಸೇರಿಸಿದಳು. ಒಬ್ಬನೇ ಅಡುಗೆ ಮಾಡಿಕೊಳ್ಳಬೇಕಲ್ಲ. ಗಂಟು ಕಟ್ಟಿ, ಅದರ ಮೇಲೆ ಕೈಯಿಟ್ಟುಕೊಂಡು ಕುಳಿತಳು.

ಈ ಗಿಳಿಗಳಿಗೆ ಒರಗಿಕೊಂಡು ತಾನೊಬ್ಬನೇ ಸಂತೆಗೆ ಹೋಗುವುದನ್ನು ವ್ಯಾಪಾರಿ ನೆನೆದ. ಹಿಂದೆ ಮಾತಿಲ್ಲ, ಬಂಡಿಯೊಳಗಿಂದ ಯಾರೂ ಬೈಯುವುದಿಲ್ಲ. ಅವನಿಗೆ ಅಳು ಬಂತು. ಪೀಠದಿಂದ ಇಳಿದು, ಪಂಚೆಯ ಅಂಚಿನಲ್ಲಿ ಕಣ್ಣೊರೆಸಿಕೊಂಡು, ಬಡಗಿಯ ಮನೆಗೆ ತಾನೇ ನಡೆದ.

ಹಲಗೆ ಕೀಳುವಾಗ ಅವನು ಕೈಮುಗಿದು ನಿಂತಿದ್ದ. ಅಪರಾಧವಾಯಿತು ಅಜ್ಜಾ ಎಂದುಕೊಂಡ. ಬಡಗಿ ಬೆಣೆಗಳನ್ನು ಬಡಿದು ತೆಗೆದು, ಹಲಗೆಯನ್ನು ಎತ್ತಿ ಪಕ್ಕಕ್ಕಿಟ್ಟು, ಧೂಳು ಒರೆಸಿದ. ಒರೆಸಿದವನು ವ್ಯಾಪಾರಿಯನ್ನು ಹತ್ತಿರ ಕರೆದು ಬೆರಳಿಟ್ಟು ತೋರಿಸಿದ. ಹಲಗೆ ನಿಂತಿದ್ದ ಜಾಗದ ಮುಂದೆಯೂ ಹಿಂದೆಯೂ ಹಳೆಯ ತೂತುಗಳು. ಎಲ್ಲಕ್ಕೂ ಅರಗು ತುಂಬಿ ಮುಚ್ಚಿದ್ದರು. ಕೆಲವು ಕಡೆ ಅರಗು ಕಪ್ಪಾಗಿತ್ತು, ಕೆಲವು ಕಡೆ ಇನ್ನೂ ಕೆಂಪಾಗಿತ್ತು. ಆ ಹಲಗೆ ಆ ಬಂಡಿಯಲ್ಲಿ ಹಿಂದೆಯೂ ಸರಿದಾಡಿತ್ತು. ಯಾರು ಸರಿಸಿದರು, ಯಾರಿಗಾಗಿ ಸರಿಸಿದರು, ಹೇಳುವವರು ಯಾರೂ ಉಳಿದಿರಲಿಲ್ಲ.

ವ್ಯಾಪಾರಿ ತೂತುಗಳ ಮೇಲೆ ಬೆರಳಾಡಿಸಿದ. ಮುಗಿದ ಕೈ ಎಷ್ಟು ಹೊತ್ತಿಗೆ ಇಳಿದಿತ್ತೋ ಅವನಿಗೇ ಗೊತ್ತಿಲ್ಲ. "ಇನ್ನೇನು ನೋಡುವುದು, ಹೊಸ ತೂತು ಕೊರೆ" ಎಂದ.

ಹಲಗೆ ಒಂದು ಮೊಳ ಮುಂದೆ ಹೋಗಿ ನಿಂತಿತು. ಪೀಠ ಉಳಿದದ್ದು ಹಿಡಿಯಷ್ಟು. ಅದರ ಮೇಲೆ ಬೆಕ್ಕು ಕೂರಬಹುದಿತ್ತು, ವ್ಯಾಪಾರಿ ಕೂರುವಂತಿರಲಿಲ್ಲ. ಅವನು ಎತ್ತುಗಳ ಪಕ್ಕದಲ್ಲಿ ಹಗ್ಗ ಹಿಡಿದು ನಡೆದ. ಮುಂದೆ ಕುಳಿತವನ ಭಾರ ಇಳಿದಿತ್ತು, ಹಾಸಿಗೆಯ ಭಾರ ಆ ಜಾಗಕ್ಕೆ ಬಂದಿತ್ತು. ಅದೇ ದಿಣ್ಣೆ ಬಂತು. ನೊಗ ಮಿಸುಕಲಿಲ್ಲ, ಎತ್ತುಗಳು ತಲೆ ತಗ್ಗಿಸಿ ಏರಿದವು.

ತಮ್ಮ ಊರ ಗಡಿಯವರೆಗೆ ಬಂದು ಬೀಳ್ಕೊಟ್ಟ. ಏನೋ ಗಾದೆ ಹೇಳಲು ಬಾಯಿ ತೆರೆದವನು ಅಕ್ಕನ ಮುಖ ನೋಡಿ ಮುಚ್ಚಿಕೊಂಡ.

ದಾರಿ ಸಾಗಿತು. ವ್ಯಾಪಾರಿ ಬೆವರಿದ, ಏದುಸಿರು ಬಿಟ್ಟ, ಮರದ ನೆರಳು ಕಂಡಲ್ಲೆಲ್ಲ ನಿಂತ. ಕಮಾನಿನೊಳಗಿಂದ ಅವಳ ದನಿ ಬಂತು. "ನಡೆಯಿರಿ, ನಡೆಯಿರಿ. ಹೊಟ್ಟೆಯಾದರೂ ಕರಗಲಿ. ಅದನ್ನು ಯಾವ ಅಜ್ಜನೂ ಇಟ್ಟು ಹೋಗಿಲ್ಲ." ವ್ಯಾಪಾರಿ ನಕ್ಕುಬಿಟ್ಟ. ಕಾಲು ನೋಯುತ್ತಿತ್ತು, ಆದರೂ ಅವನಿಗೆ ಸುಖವಾಗಿತ್ತು.

ಸಂಜೆ ಒಂದು ಕೆರೆಯ ಏರಿಯ ಕೆಳಗೆ ಬಂಡಿ ಬಿಟ್ಟರು. ಅವನು ಎತ್ತುಗಳಿಗೆ ನೀರು ಕುಡಿಸಿ, ಒಲೆ ಹೂಡಿ, ಅವಳು ಹೇಳಿದಷ್ಟು ಉಪ್ಪು ಹಾಕಿ ಸಾರು ಮಾಡಿದ. ಇಬ್ಬರೂ ಉಂಡರು. ಅವಳು ಹಾಸಿಗೆಯ ಮೇಲೆ ಒರಗಿ, ನೆಟ್ಟಗಿನ ಕಾಲು ಚಾಚಿ, ಅದರ ಪಕ್ಕದಲ್ಲಿ ಇನ್ನೊಂದು ಕಾಲನ್ನೂ ಚಾಚಿದಳು. ವ್ಯಾಪಾರಿ ಬಂಡಿಯ ಬಾಗಿಲು ಮುಚ್ಚಿ, ಕೆಳಗೆ ತನ್ನ ಚಾಪೆ ಹಾಸಿಕೊಂಡ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮರುಳಯ್ಯ ಹುಬ್ಬು ಗಂಟಿಕ್ಕಿಕೊಂಡು ಯೋಚಿಸುತ್ತಿದ್ದ. ಕತೆ ಅವನಿಗೆ ಹಿಡಿಸಿತ್ತು, ಆದರೆ ಒಂದು ಅನುಮಾನ ಉಳಿದಿತ್ತು. "ಗುರುಗಳೇ, ಆ ಹಳೆಯ ತೂತುಗಳಲ್ಲಿ ಅಜ್ಜ ಮೊದಲು ಇಟ್ಟ ಅಳತೆ ಯಾವುದು? ಅದೊಂದು ತಿಳಿದರೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಂತೆ" ಎಂದ.

ಗುರುಗಳು ಬಿಂದಿಗೆ ಎತ್ತಿಕೊಂಡು ಎದ್ದು ನಿಂತರು.

"ಇಷ್ಟು ಹೊತ್ತು ಕೇಳಿದೆ, ಈಗಲೂ ಹಲಗೆಯ ಅಳತೆಯನ್ನೇ ಕೇಳುತ್ತೀಯ ಮರುಳಯ್ಯ, ಅವಳಿಗೆ ನಿದ್ದೆ ಬಂತೇ ಎಂದು ಕೇಳಲಿಲ್ಲ."