ರಾಣಿಗೊಂಬೆಯ ಕೆನ್ನೆಗೆ ಬೇಕಾದ ನೀರು

“ಗುರುಗಳೇ, ಬಣ್ಣ ತೆಳು ಮಾಡುವುದಕ್ಕೆ ಯಾವ ನೀರಾದರೂ ನಡೆಯುತ್ತದಲ್ಲವೇ?”

ಹೀಗೆ ಕೇಳಿದವನು ಚೆಲುವರಾಜ. ಗೊಂಬೆಗಳಿಗೆ ಬಣ್ಣ ಹಾಕುವ ಕಾಳಾಚಾರ್ಯರ ಬಳಿ ಏಳು ವರ್ಷ, ಗಾಳಿಯಿಂದ ಬಣ್ಣ ಊದುವ ಏರ್‌ಬ್ರಷ್ ಹಿಡಿಯುವುದನ್ನು ಕಲಿತ ಶಿಷ್ಯ. ಮಾರನೆಯ ದಿನ ಅವನು ತನ್ನೂರಿಗೆ ಹೋಗಿ ಸ್ವಂತ ಅಂಗಡಿ ತೆರೆಯುವವನಿದ್ದ. ಬೇಕಾದ ಸಾಮಾನುಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದ. ಗಾಳಿಯ ಕಂಪ್ರೆಸರ್, ಸೂಜಿಗಳು, ಆಕ್ರಿಲಿಕ್ ಬಣ್ಣದ ಸೀಸೆಗಳು. ಚೀಟಿ ಮಡಚುವಾಗ ನೀರಿನ ನೆನಪಾಯಿತು. ಅವನ ಊರಿನಲ್ಲಿ ಸಿಗುವುದು ಬೋರ್‌ವೆಲ್ ನೀರು ಮಾತ್ರ. ಆದರೂ ಚಿಂತೆಯಿಲ್ಲ, ಏಳು ವರ್ಷದಲ್ಲಿ ತನ್ನ ಏರ್‌ಬ್ರಷ್ ಒಂದು ದಿನವೂ ಕಟ್ಟಿಕೊಂಡಿಲ್ಲ, ಕೈ ಹದವಾಗಿದ್ದರೆ ನೀರು ಯಾವುದಾದರೇನು ಎಂದು ಉತ್ತರವನ್ನೂ ತಾನೇ ಹೇಳಿದ.

ಕಾಳಾಚಾರ್ಯರು ಕೈಯಲ್ಲಿದ್ದ ಗೊಂಬೆಯನ್ನು ಕೆಳಗಿಟ್ಟರು. ಶಿಷ್ಯ ಹೊರಡುತ್ತಾನೆಂದು ಒಂದು ವಾರದಿಂದ ಅವರಿಗೆ ಊಟ ಸರಿಯಾಗಿ ಸೇರುತ್ತಿರಲಿಲ್ಲ. ಅದನ್ನು ಅವರು ಯಾರೆದುರೂ ತೋರಿಸಿಕೊಂಡಿರಲಿಲ್ಲ. ನೀರಿನ ವಿಷಯ ಕೇಳಲು ನಿನಗೆ ಏಳು ವರ್ಷ ಬೇಕಾಯಿತಲ್ಲ ಎಂದು ನಕ್ಕು, ಪಕ್ಕದ ಮಣೆ ತೋರಿಸಿದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ನವರಾತ್ರಿಯಲ್ಲಿ ಮನೆಮನೆಗಳಲ್ಲಿ ಕೂರಿಸುವ ಗೊಂಬೆಗಳಿಗೆ ಬಣ್ಣ ಹಾಕುವುದು ಅವನ ಕಸುಬು. ಗೊಂಬೆಯ ಸೀರೆಗೆ, ಕಿರೀಟಕ್ಕೆ ಯಾರು ಬೇಕಾದರೂ ಬಣ್ಣ ಬಳಿದಾರು. ಕೆನ್ನೆ ಹಾಗಲ್ಲ. ಕೆನ್ನೆಯ ಕೆಂಪು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ನೋಡಿದವರಿಗೆ ಗೊತ್ತಾಗಬಾರದು. ಅದಕ್ಕೆ ಬಣ್ಣವನ್ನು ಹಾಲಿನ ಹದಕ್ಕೆ ತೆಳು ಮಾಡಿ, ಏರ್‌ಬ್ರಷ್ಷಿನ ಕೂದಲೆಳೆಯಂಥ ತೂತಿನಿಂದ ಊದಬೇಕು. ಆ ಊರಿನಲ್ಲಿ ಉಳಿದವರ ಏರ್‌ಬ್ರಷ್ ಕೆಮ್ಮುತ್ತಿತ್ತು, ಉಗುಳುತ್ತಿತ್ತು. ಇವನದು ಮಾತ್ರ ಮಲಗಿದ ಮಗು ಉಸಿರಾಡಿದಂತೆ ನಡೆಯುತ್ತಿತ್ತು. ಗುಟ್ಟೇನು ಎಂದು ಕೇಳಿದವರಿಗೆಲ್ಲ ಅವನು ತನ್ನ ಬಲಗೈ ಎತ್ತಿ ತೋರಿಸುತ್ತಿದ್ದ. ಅಷ್ಟು ಜಂಬ ಅವನಿಗೆ.

ಅವನು ಕೂರುವ ಜಾಗದ ಪಕ್ಕದ ಕಿಟಕಿಯಲ್ಲಿ ಒಂದು ನೀರಿನ ಬಾಟಲಿ ಇರುತ್ತಿತ್ತು. ಸಂಜೆಗೆ ಖಾಲಿಯಾಗುತ್ತಿತ್ತು, ಬೆಳಿಗ್ಗೆ ತುಂಬಿರುತ್ತಿತ್ತು. ಅದನ್ನು ಯಾರು ತುಂಬಿಸುತ್ತಾರೆ, ಎಲ್ಲಿಂದ ತರುತ್ತಾರೆ ಎಂದು ಆ ಮಹಾರಾಯ ಒಂಬತ್ತು ವರ್ಷ ಕೇಳಲಿಲ್ಲ. ಸೂರ್ಯ ಹುಟ್ಟುವ ಹಾಗೆ ಬಾಟಲಿಯೂ ತುಂಬುತ್ತದೆ ಎಂದು ತಿಳಿದಿದ್ದನೋ ಏನೋ.

ಒಂದು ವರ್ಷ ಅವನ ಹೆಂಡತಿ ತಂಗಿಯ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಬೇಕಾಯಿತು. ಹೊರಡುವಾಗ ಹೊಸ್ತಿಲಲ್ಲಿ ನಿಂತು, ಆ ಬಾಟಲಿಯ ನೀರು ಎಂದು ಏನೋ ಹೇಳಲು ಬಂದಳು. ಅವನು ಗೊಂಬೆಯಿಂದ ತಲೆ ಎತ್ತಲಿಲ್ಲ. ನೀರು ನಲ್ಲಿಯಲ್ಲಿ ಬರುತ್ತದೆ, ನೀನು ಬಸ್ಸು ತಪ್ಪಿಸಿಕೊಳ್ಳಬೇಡ ಎಂದ. ಅವಳು ಹೋದಳು. ಅಂದು ಸಂಜೆಗೆ ಬಾಟಲಿ ಬರಿದಾಯಿತು.

ಮಾರನೆಯ ದಿನ ಒಬ್ಬ ಹೆಂಗಸು ಬಂದಳು. ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ್ದ ಎರಡು ಮರದ ಗೊಂಬೆಗಳನ್ನು ಅವನ ಮುಂದಿಟ್ಟಳು. ರಾಜ, ರಾಣಿ. ಪಟ್ಟದ ಗೊಂಬೆಗಳು. ಮದುವೆಯಾಗಿ ಹೋಗುವ ಮಗಳ ಕೈಗೆ ತಾಯಿ ಕೊಡುವ ಜೋಡಿ ಅದು. ಆ ಜೋಡಿ ಇಲ್ಲದೆ ಮಗಳು ಗಂಡನ ಮನೆಯಲ್ಲಿ ಗೊಂಬೆ ಕೂರಿಸುವಂತಿಲ್ಲ. ಈ ಹೆಂಗಸಿಗೆ ಅದನ್ನು ಅವಳ ತಾಯಿ ಕೊಟ್ಟಿದ್ದಳು. ತಾಯಿ ಈಗಿಲ್ಲ. ಕೊಡುವ ಮೊದಲು ಪ್ರತಿ ವರ್ಷ ಗೊಂಬೆ ಇಳಿಸುವಾಗ ಆ ತಾಯಿ ರಾಣಿಯ ಕೆನ್ನೆ ಸವರಿ ಪೆಟ್ಟಿಗೆಯಲ್ಲಿ ಇಡುತ್ತಿದ್ದಳಂತೆ. ಸವರಿ ಸವರಿ ಕೆಂಪು ಮಾಸಿತ್ತು. ಇನ್ನು ಒಂಬತ್ತು ದಿನಕ್ಕೆ ಮಗಳ ಮದುವೆ, ಕೆನ್ನೆಯೊಂದು ಮೊದಲಿನಂತೆ ಆದರೆ ಸಾಕು, ಅಮ್ಮನಿಂದ ಬಂದದ್ದು ಅಂತ ನನ್ನಲ್ಲಿರುವುದು ಇದೊಂದೇ ಎಂದು ಹೇಳಿ ಹೋದಳು.

ಬಣ್ಣಗಾರ ನಲ್ಲಿಯಲ್ಲಿ ಬಾಟಲಿ ತುಂಬಿಕೊಂಡ. ಕೆಂಪು ಬೆರೆಸಿದ. ರಾಣಿಯ ಬಲಗೆನ್ನೆಗೆ ಏರ್‌ಬ್ರಷ್ ಹಿಡಿದ. ಅದು ಒಮ್ಮೆ ಕೆಮ್ಮಿತು. ಕೆನ್ನೆಯ ಮೇಲೆ ಮೂರು ಕೆಂಪು ಚುಕ್ಕೆ ಬಿತ್ತು.

ಒರೆಸಿದ. ಸೂಜಿ ತೆಗೆದು ತೊಳೆದ. ಮತ್ತೆ ಹಿಡಿದ, ಮತ್ತೆ ಉಗುಳಿತು. ಸೂಜಿ ಬದಲಾಯಿಸಿದ. ಸೀಸೆ ಬದಲಾಯಿಸಿದ. ಬಣ್ಣ ಮಾಡಿದವನನ್ನು ಬೈದ, ಕಂಪ್ರೆಸರ್ ಮಾಡಿದವನನ್ನು ಬೈದ. ಮೂರನೆಯ ದಿನ ನೀರಿನ ಮೇಲೆ ಸ್ವಲ್ಪ ಅನುಮಾನ ಬಂತು. ಕಾಯಿಸಿ, ಬಟ್ಟೆಯಲ್ಲಿ ಸೋಸಿ ನೋಡಿದ. ಆಗಲಿಲ್ಲ. ಹಾಗಾದರೆ ಜಗತ್ತಿನಲ್ಲಿ ಎಲ್ಲಕ್ಕಿಂತ ಶುದ್ಧವಾದ ನೀರನ್ನೇ ಹಾಕುತ್ತೇನೆ ಎಂದು ದೇವರ ಗೂಡಿಗೆ ಕೈ ಹಾಕಿದ. ಅಲ್ಲಿ ಕಾಶಿಯಿಂದ ಬಂದ, ಬಾಯಿಗೆ ಬೆಸುಗೆ ಹಾಕಿದ ಗಂಗೆಯ ಗಿಂಡಿ ಇತ್ತು. ಪ್ರಾಣ ಹೋಗುವಾಗ ಬಾಯಿಗೆ ಬಿಡಲೆಂದು ಮನೆಯವರೆಲ್ಲರಿಗಾಗಿ ಇಟ್ಟದ್ದು. ಆ ಪುಣ್ಯಾತ್ಮ ಅದರ ಬೆಸುಗೆ ಒಡೆದು ಬಣ್ಣಕ್ಕೆ ಬೆರೆಸಿದ. ಗಂಗೆಯಲ್ಲಿ ಸಣ್ಣ ಮರಳಿತ್ತು. ಏರ್‌ಬ್ರಷ್ ಕೆಮ್ಮುವುದನ್ನೂ ನಿಲ್ಲಿಸಿತು.

ಇಲ್ಲಿಗೆ ಬಂದಾಗ ಚೆಲುವರಾಜ ನಕ್ಕ. ಕಾಳಾಚಾರ್ಯರು ನಗಲಿಲ್ಲ. ಆ ಬಣ್ಣಗಾರನ ಮೇಲೆ ಅವರಿಗೆ ಇನ್ನೂ ಸಿಟ್ಟಿದ್ದಂತೆ ಕಂಡಿತು. ಕತೆ ಮುಂದುವರಿಸಿದರು.

ಚುಕ್ಕೆ ಬಿದ್ದಾಗಲೆಲ್ಲ ಒರೆಸಿದ್ದಕ್ಕೆ ರಾಣಿಯ ಹಳೆಯ ಬಣ್ಣವೂ ಎದ್ದು ಬಂದಿತ್ತು. ಬಲಗೆನ್ನೆಯಲ್ಲಿ ಬರೀ ಮರ ಕಾಣುತ್ತಿತ್ತು. ಮದುವೆಗೆ ನಾಲ್ಕು ದಿನ ಇರುವಾಗ ಆ ಹೆಂಗಸು ನೋಡಲು ಬಂದಳು. ಬೈಯಲಿಲ್ಲ. ಅಳಲೂ ಇಲ್ಲ. ತನ್ನ ಸೆರಗಿನ ತುದಿಯಿಂದ ರಾಣಿಯ ಮುಖ ಮುಚ್ಚಿ ಸ್ವಲ್ಪ ಹೊತ್ತು ಕೂತಳು. ಇನ್ನೆರಡು ದಿನ ಬಿಟ್ಟು ಬರುತ್ತೇನೆ ಎಂದು ಮೆಲ್ಲಗೆ ಹೇಳಿ ಎದ್ದು ಹೋದಳು. ಅವಳು ಬೈದಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಮೊದಲ ಬಸ್ಸು ಹಿಡಿದು ಹೆಂಡತಿ ಇದ್ದ ಊರಿಗೆ ಹೋದ. ಯಾಕೆ ಅವಳ ಬಳಿಗೇ ಹೊರಟೆ ಎಂದು ಅವನಿಗೂ ಗೊತ್ತಿರಲಿಲ್ಲ. ಕಷ್ಟ ಬಂದಾಗ ಕಾಲು ಆ ಕಡೆ ನಡೆಯಿತು, ಅಷ್ಟೆ. ಬಾಣಂತಿಯ ಮನೆಯ ಅಡುಗೆಕೋಣೆಯಲ್ಲಿ ನಿಂತು ನಡೆದದ್ದೆಲ್ಲ ಹೇಳಿಕೊಂಡ. ಕೈಯೇ ಹೋಯಿತು ಎಂದ. ಅವಳು ಕೇಳಿದ್ದು ಒಂದೇ ಮಾತು.

“ಯಾವ ನೀರು ಹಾಕಿದ್ರಿ?”

ನಲ್ಲಿಯದು ಎಂದ. ಅವಳು ಒಲೆಯ ಮೇಲಿದ್ದ ಕಾಫಿ ನೀರಿನ ಪಾತ್ರೆಯನ್ನು ಬಗ್ಗಿಸಿ ಅದರ ತಳ ತೋರಿಸಿದಳು. ತಳದಲ್ಲಿ ಬೆಳ್ಳಗೆ ಸುಣ್ಣ ಕಟ್ಟಿತ್ತು. ಮದುವೆಯಾದ ಹೊಸದರಲ್ಲಿ ಅವನ ಸೂಜಿ ತೊಳೆಯುವಾಗ ಅದರ ತುದಿಯಲ್ಲೂ ಇದೇ ಬಿಳಿ ಕಂಡಿದ್ದಳಂತೆ. ಗಡಸು ನೀರಿನ ಸುಣ್ಣ. ಅಂದಿನಿಂದ ದಿನಾ ಅವನು ಏಳುವ ಮೊದಲೇ ಎದ್ದು ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲು ಇಡುತ್ತಿದ್ದಳು. ನೀರಿನ ನಡುವೆ ಒಂದು ಬಟ್ಟಲು ನಿಲ್ಲಿಸಿ, ಮೇಲೆ ಮುಚ್ಚಳವನ್ನು ಬೋರಲಾಗಿ ಇಟ್ಟು, ಅದರ ಮೇಲೆ ತಣ್ಣೀರು ಹಾಕುತ್ತಿದ್ದಳು. ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಬಟ್ಟಲಿಗೆ ಬೀಳುತ್ತಿತ್ತು. ಸುಣ್ಣ ತಳದಲ್ಲೇ ಉಳಿಯುತ್ತಿತ್ತು. ಒಂದು ಬಾಟಲಿ ತುಂಬಲು ಒಂದೂವರೆ ಗಂಟೆ ಬೇಕಾಗುತ್ತಿತ್ತು.

ಬಣ್ಣಗಾರ ಆ ಬಿಳಿ ತಳವನ್ನೇ ನೋಡಿದ. ಒಂಬತ್ತು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದ.

“ಹೇಳೋದೇನು ರೀ. ನೀವು ನಿಮ್ಮ ಕೈ ನೋಡ್ಕೊಂಡು ಸಂತೋಷವಾಗಿ ಇರ್ತಿದ್ರಿ. ಅದನ್ನ ನೋಡೋದು ನಂಗೆ ಇಷ್ಟ ಆಗ್ತಿತ್ತು.”

ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಅವಳ ಮೇಲೆ, ಒಂಬತ್ತು ವರ್ಷ ಸಂಸಾರ ಮಾಡಿಯೂ ಬಾರದಿದ್ದಷ್ಟು ಪ್ರೀತಿ ಬಂತು. ಅಂದು ಅವಳು ಆ ಮನೆಯ ಒಲೆಯ ಮೇಲೆ ನೀರು ಇಟ್ಟಳು. ಒಳಗೆ ಕೂಸು ಅಳುತ್ತಿತ್ತು, ಅವಳು ಅತ್ತ ಹೋದಾಗಲೆಲ್ಲ ಇವನು ಮುಚ್ಚಳದ ಮೇಲಿನ ನೀರು ಬದಲಾಯಿಸಿದ. ಕೂಸಿನ ಗ್ರೈಪ್ ವಾಟರಿನ ಖಾಲಿ ಸೀಸೆಯಲ್ಲಿ ಆ ನೀರು ತುಂಬಿಸಿ ಕೊಟ್ಟಳು. ಹನಿ ಹನಿಯಾಗಿ ಹಾಕಿ, ಸುರಿದುಬಿಟ್ಟರೆ ಬಣ್ಣ ಮರಕ್ಕೆ ಕಚ್ಚಿಕೊಳ್ಳುವುದಿಲ್ಲ ಎಂದು ಅವನಿಗೇ ಪಾಠವನ್ನೂ ಹೇಳಿದಳು. ಅವನು ತಲೆಯಾಡಿಸಿ ಕೇಳಿಕೊಂಡ.

ಊರಿಗೆ ಬಂದು ರಾಣಿಯ ಮುಖಕ್ಕೆ ಹೊಸದಾಗಿ ತಳಬಣ್ಣ ಹಾಕಿ ಒಣಗಿಸಿದ. ಆಮೇಲೆ ಕೆಂಪು ಹಿಡಿದ. ಏರ್‌ಬ್ರಷ್ ಕೆಮ್ಮಲಿಲ್ಲ. ಕೆನ್ನೆ ಮೆಲ್ಲಗೆ ರಂಗೇರಿತು.

ಹೇಳಿದ ದಿನ ಆ ಹೆಂಗಸು ಬಂದಳು. ರಾಣಿಯನ್ನು ಬೆಳಕಿಗೆ ಹಿಡಿದು ನೋಡಿದಳು. ತನ್ನ ತಾಯಿಯ ಹಾಗೆಯೇ ಹೆಬ್ಬೆರಳಿನಿಂದ ಆ ಕೆನ್ನೆ ಒಮ್ಮೆ ಸವರಿದಳು. ಆಗ ಅವಳಿಗೆ ಅಳು ಬಂತು. ನಿಮ್ಮ ಕೈ ತಣ್ಣಗಿರಲಿ ಎಂದು ಹರಸಿದಳು. ಅವನ ಬಲಗೈ ಅಭ್ಯಾಸಬಲದಿಂದ ಮೇಲೇಳಲು ಹೋಯಿತು. ಅದನ್ನು ಕೆಳಗಿಳಿಸಿ, ಕೈ ನನ್ನದು ತಾಯಿ, ನೀರು ನಮ್ಮ ಮನೆಯವರದು ಎಂದ. ಅವಳಿಗೆ ಅರ್ಥವಾಗಲಿಲ್ಲ. ಗೊಂಬೆಗಳನ್ನು ಮಡಿಲಿಗೆ ಹಾಕಿಕೊಂಡು ಮದುವೆ ಮನೆಗೆ ಹೋದಳು.

ತಿಂಗಳು ಕಳೆದು ಹೆಂಡತಿ ಹಿಂದಿರುಗಿದಳು. ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ಎದ್ದು ಅಡುಗೆಕೋಣೆಗೆ ಹೋದಾಗ ಒಲೆಯ ಮೇಲೆ ಪಾತ್ರೆ ಇತ್ತು, ಅದರ ಮುಂದೆ ಅವನು ಕೂತಿದ್ದ. ಇನ್ನು ನೀನು ಮಲಗಿಕೋ ಎಂದ. ಅಂದಿನಿಂದ ನೀರು ಇಡುವ ಕೆಲಸ ಅವನದು.

ಇಷ್ಟು ಹೇಳಿ ಕಾಳಾಚಾರ್ಯರು ಕತೆ ಮುಗಿಸಿದರು.

ಚೆಲುವರಾಜ ಮಡಚಿದ್ದ ಚೀಟಿಯನ್ನು ಬಿಚ್ಚಿದ. ಈಗ ಅಷ್ಟು ಕಷ್ಟ ಬೇಡವಲ್ಲ, ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರು ಸಿಗುತ್ತದೆ ಎಂದು ಹೇಳಿ ಅದನ್ನೂ ಕೊನೆಯಲ್ಲಿ ಬರೆದುಕೊಂಡ. ಬರೆದುಕೋ, ಆ ನೀರೂ ಆಗುತ್ತದೆ ಎಂದರು ಗುರುಗಳು. ಚೆಲುವರಾಜನಿಗೆ ಕತೆ ಬಹಳ ಹಿಡಿಸಿತ್ತು. ಅವನು ಎದ್ದು ನಿಂತು ಚೀಟಿಯನ್ನು ಜೇಬಿಗೆ ಹಾಕಿಕೊಂಡ.

“ಆ ಬಣ್ಣಗಾರ ಪುಣ್ಯವಂತ, ಗುರುಗಳೇ. ನನಗೆ ಹಾಗೆ ತುಂಬಿಸಿಕೊಡುವವರು ಯಾರೂ ಇರಲಿಲ್ಲ. ಆದರೂ ಏಳು ವರ್ಷ ಒಂದು ಚುಕ್ಕೆ ಬೀಳಿಸಲಿಲ್ಲ ನೋಡಿ.”

ಕಾಳಾಚಾರ್ಯರು ಕೆಳಗಿಟ್ಟಿದ್ದ ಗೊಂಬೆಯನ್ನು ಮತ್ತೆ ಕೈಗೆ ತೆಗೆದುಕೊಂಡರು.

“ನೀನು ಬಂದ ದಿನದಿಂದ ನಾನು ದಿನಾ ಎರಡು ಬಾಟಲಿ ತುಂಬಿಸುತ್ತಿದ್ದೇನೆ ಮಗನೇ.”

ಚೆಲುವರಾಜ ಕಿಟಕಿಯ ಕಡೆ ತಿರುಗಿದ. ಗುರುಗಳದೊಂದು, ತನ್ನದೊಂದು, ಅಲ್ಲಿದ್ದ ಬಾಟಲಿಗಳು ಎರಡೂ ತುಂಬಿದ್ದವು. ಅವನು ಮತ್ತೆ ಮಣೆಯ ಮೇಲೆ ಕೂತ.