ಸೂರವ್ವನ ನೂರು ಉತ್ತರ

ಕೇಳ್ರಪ್ಪಾ ಮಕ್ಕಳೇ, ಹೊನ್ನಗೋಡು ಅಂತ ಒಂದು ರಾಜ್ಯ ಇತ್ತು. ಯಾವ ಮಗುವಿಗೆ ಯಾವ ಓದು, ಯಾವ ಕೆಲಸ ಒಗ್ಗುತ್ತೆ ಅಂತ ತಿಳಿಯಲಿ ಎಂದು ಅಲ್ಲಿನ ರಾಜ ಊರ ಶಾಲೆಯಲ್ಲಿ ಒಂದು ಕಂಪ್ಯೂಟರ್ ಇಡಿಸಿದ. ಅದು ನೂರು ಪ್ರಶ್ನೆ ಕೇಳೋದು, ಉತ್ತರ ನೋಡಿ ದಾರಿ ಹೇಳೋದು. ಅದನ್ನು ಮಾಡಿಸಿದವನು ದಿವಾನ.

ಆ ಶಾಲೆಯಲ್ಲಿ ನಾಗಲಾಂಬೆ ಅಂತ ಒಬ್ಬ ಟೀಚರು. ಮಕ್ಕಳ ಮನಸ್ಸಿನ ಮಾತು ಕೇಳಿ ದಾರಿ ತೋರಿಸೋದೇ ಅವಳ ಕೆಲಸ.

ಕುಂಬಾರನ ಮಗಳು ಸೂರವ್ವ ನೂರು ಉತ್ತರ ಕೊಟ್ಟಳು. ‘ಮಡಕೆ ಮಾಡು’ ಅಂದಿತು ಕಂಪ್ಯೂಟರ್. ಕುರಿ ಕಾಯುವವನ ಮಗಳು ನೂರು ಉತ್ತರ ಕೊಟ್ಟಳು. ‘ಕುರಿ ಕಾಯಿ’ ಅಂದಿತು. ಬಳೆಗಾರನ ಮಗ ನೂರು ಉತ್ತರ ಕೊಟ್ಟ. ‘ಬಳೆ ಮಾರು’ ಅಂದಿತು. ಆಮೇಲೆ ದಿವಾನನ ಮಗ ಬಂದ. ಕುದುರೆಯ ವಿಷಯ ಇದ್ದ ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟು, ಉಳಿದದ್ದಕ್ಕೆ ಆಕಳಿಸಿದ. ‘ದಿವಾನಗಿರಿಗೆ ಇವನೇ ಸರಿ’ ಅಂದಿತು!

ಸೂರವ್ವ ಓಡಿ ಬಂದು ನಾಗಲಾಂಬೆಯ ಸೆರಗು ಹಿಡಿದಳು. “ಟೀಚರೇ, ಸೇತುವೆ ಕಟ್ತೀನಿ ಅಂತ ಬರೆದಿದ್ದೆ. ಕಂಪ್ಯೂಟರ್ ಅದನ್ನು ಓದಲೇ ಇಲ್ವಾ?”

ನಾಗಲಾಂಬೆ ಕಂಪ್ಯೂಟರ್ ಮುಂದೆ ಕೂತಳು. ಪ್ರಶ್ನೆಗಳನ್ನೆಲ್ಲ ಮತ್ತೆ ನೋಡಿದಳು. ಎಲ್ಲಕ್ಕಿಂತ ಮೇಲೆ ಒಂದು ಸಾಲು ಇತ್ತು: ತಂದೆಯ ಕಸುಬು. ಅವಳು ನೆಟ್ಟಗೆ ಅರಮನೆಗೆ ಹೋಗಿ, ಕಂಪ್ಯೂಟರ್ ಮಕ್ಕಳಿಗೆ ತಪ್ಪು ದಾರಿ ಹೇಳ್ತಿದೆ ಅಂತ ರಾಜನಿಗೆ ದೂರು ಕೊಟ್ಟಳು.

ದಿವಾನ ನಕ್ಕ. “ಕಂಪ್ಯೂಟರು ತಪ್ಪೋದೇ ಇಲ್ಲ, ಮಹಾಸ್ವಾಮಿ!”

“ಹಾಗಾದರೆ ಮಹಾಸ್ವಾಮಿಗಳೇ ಒಂದು ಸಲ ಉತ್ತರ ಕೊಡಲಿ,” ಅಂದಳು ನಾಗಲಾಂಬೆ.

ಕಂಪ್ಯೂಟರನ್ನು ಅರಮನೆಗೆ ತರಿಸಿ, ತುಂಬಿದ ಸಭೆಯಲ್ಲಿ ರಾಜ ನೂರು ಉತ್ತರ ಹೇಳಿದ. ಮೇಲಿನ ಸಾಲನ್ನು ಮಾತ್ರ ಅವಳೇ ತುಂಬಿದಳು. ಪರದೆಯ ಮೇಲೆ ಬಂತು: ‘ಮಡಕೆ ಮಾಡು.’

ದಿವಾನ ಓಡಿ ಬಂದು ಪರದೆ ನೋಡಿದ. “ಅಯ್ಯೋ, ತಂದೆಯ ಕಸುಬು ಕುಂಬಾರಿಕೆ ಅಂತ ಬರೆದಿದ್ದಾಳೆ! ಅದಕ್ಕೇ ಹೀಗೆ ಬಂತು, ಮಹಾಸ್ವಾಮಿ!” ಅಂತ ಕೂಗಿದ.

“ಹಾಗಾದರೆ ಉಳಿದ ನೂರು ಪ್ರಶ್ನೆ ಯಾಕೆ, ದಿವಾನರೇ?” ಅಂದಳು ನಾಗಲಾಂಬೆ.

ದಿವಾನ ನಾಲಿಗೆ ಕಚ್ಚಿಕೊಂಡ. ರಾಜ ಎದ್ದು ನಿಂತ. “ನಿನ್ನ ಮಗನಿಗೆ ಯಾರೂ ಪೈಪೋಟಿ ಕೊಡಬಾರದು ಅಂತ ಊರ ಮಕ್ಕಳ ದಾರಿಗೆ ಬೇಲಿ ಹಾಕಿದೆಯಾ?” ಅವತ್ತೇ ದಿವಾನಗಿರಿ ಹೋಯಿತು, ಆ ಸಾಲೂ ಅಳಿಸಿಹೋಯಿತು.

ಮಕ್ಕಳೆಲ್ಲ ಮತ್ತೆ ಕೂತರು. ಈ ಸಲ ಕಂಪ್ಯೂಟರ್ ಸೂರವ್ವನಿಗೆ ಮೂರು ದಾರಿ ತೋರಿಸಿತು: ಮನೆ ಕಟ್ಟೋದು, ಕಾಲುವೆ ತೋಡೋದು, ಸೇತುವೆ ಕಟ್ಟೋದು. ಯಾವುದಕ್ಕೆ ಎಷ್ಟು ಓದಬೇಕು, ಎಲ್ಲಿ ಓದಬೇಕು ಅಂತ ನಾಗಲಾಂಬೆ ಪಕ್ಕದಲ್ಲೇ ಕೂತು ಬಿಡಿಸಿ ಹೇಳಿದಳು. “ಆರಿಸೋದು ನೀನು, ಮಗಳೇ.”

“ಸೇತುವೆ!” ಸೂರವ್ವ ಕೂಗಿದ್ದಕ್ಕೆ ಇಡೀ ಶಾಲೆ ಚಪ್ಪಾಳೆ ತಟ್ಟಿತು. ದಿವಾನನ ಮಗನೂ ತಟ್ಟಿದ. ಕುದುರೆಗೆ ಮದ್ದು ಮಾಡೋದು ಕಲಿಯೋಕೆ ಅವನೂ ಹೊರಟಿದ್ದ.

ನೀತಿ ಏನಪ್ಪಾ ಅಂದರೆ, ಮಗುವಿಗೆ ದಾರಿ ಹೇಳಬೇಕಾದರೆ ಅಪ್ಪನ ಕಸುಬು ನೋಡಬೇಡಿ, ಮಗುವಿನ ಮಾತು ಕೇಳಿ. ಯಂತ್ರಕ್ಕೆ ಮೋಸ ಕಲಿಸಿದವನು ಆ ಯಂತ್ರದ ಮುಂದೆಯೇ ಸಿಕ್ಕಿಬೀಳುತ್ತಾನೆ.