ಕ್ವೇಸಾರ್ ದೊರೆಯ ತೇಗು

ಒಂದು ಗ್ಯಾಲಕ್ಸಿಯಲ್ಲಿ ಮೋಡಮ್ಮ ಎಂಬ ತಣ್ಣನೆಯ ಅನಿಲಮೋಡವಿದ್ದಳು. ಹೊಟ್ಟೆಯಲ್ಲಿ ನಕ್ಷತ್ರಗಳು ಮೂಡುವ ಕಾಲ ಹತ್ತಿರವಾಗಿ, ಸಂಭ್ರಮಕ್ಕೆ ನಿಂತಲ್ಲಿ ನಿಲ್ಲದೆ ಗಿರಗಿರನೆ ತಿರುಗುತ್ತಿದ್ದಳು. ಗ್ಯಾಲಕ್ಸಿಯ ನಟ್ಟನಡುವೆ ಕುಳಿತ ಕಪ್ಪುಕುಳಿಯೊಂದು ಸಿಕ್ಕ ಅನಿಲವನ್ನೆಲ್ಲ ಗಬಗಬನೆ ನುಂಗುತ್ತ, ಧಗಧಗನೆ ಬೆಳಗಿ, ಕ್ವೇಸಾರ್ ದೊರೆ ಎನಿಸಿಕೊಂಡಿತ್ತು.

“ಏ ಮೋಡ, ನೀನೂ ಬಂದು ನನ್ನ ಬಾಯಿಗೆ ಬೀಳು,” ಎಂದಿತು ದೊರೆ.

“ನಾನು ತುಂಬಿದ ಬಸುರಿ, ಸ್ವಾಮಿ. ನನ್ನನ್ನು ಬಿಟ್ಟುಬಿಡಿ. ತಾವೂ ನಿಧಾನವಾಗಿ ಉಣ್ಣಿ, ಅವಸರದ ಊಟ ಮೈಗೆ ಹಿಡಿಯದು,” ಎಂದು ಮೋಡಮ್ಮ ಕೈಮುಗಿದಳು.

“ದೊರೆಗೇ ಬುದ್ಧಿ ಹೇಳುತ್ತೀಯಾ?” ಎಂದು ಕ್ವೇಸಾರ್ ಎರಡರಷ್ಟು ನುಂಗಿತು. ನುಂಗಿದಷ್ಟೂ ಒಡಲು ಕುದಿದು, ಕೊನೆಗೊಂದು ಭಾರಿ ತೇಗು ಬಂತು. ಅದರ ಬಿರುಗಾಳಿಗೆ ಸುತ್ತಲಿನ ಅನಿಲವೆಲ್ಲ ಹಾರಿಹೋಯಿತು. ಮೋಡಮ್ಮ ಲಾಗ ಹಾಕುತ್ತ ಗ್ಯಾಲಕ್ಸಿಯ ಅಂಚಿಗೆ ಹೋಗಿ ಬಿದ್ದಳು. ಬಿರುಗಾಳಿ ಒತ್ತಿದ ರಭಸಕ್ಕೆ ಅವಳ ಮೈ ಹಿಂಡಿದಂತಾಗಿ, ಸಾವಿರ ನಕ್ಷತ್ರಗಳು ಪಟಪಟನೆ ಹುಟ್ಟಿಬಿಟ್ಟವು! ಅವಳಿಗೆ ನಗು ತಡೆಯಲಾಗಲಿಲ್ಲ.

ಇತ್ತ ನುಂಗಲು ಏನೂ ಉಳಿಯದೆ ದೊರೆ ನಂದಿಹೋಯಿತು. “ಯಾರಾದರೂ ಇದ್ದೀರಾ? ನನಗೇನೂ ಕಾಣುತ್ತಿಲ್ಲ!” ಎಂದು ಕೂಗಿತು.

“ಮಕ್ಕಳೇ, ಅಜ್ಜನಿಗೆ ಒಂದಿಷ್ಟು ಬೆಳಕು ತೋರಿಸಿ,” ಎಂದಳು ಮೋಡಮ್ಮ. “ಹತ್ತಿರ ಮಾತ್ರ ಹೋಗಬೇಡಿ.”